ಎಡ್ವಿನ್ ಹಬಲ್ : ಗೆಲಾಕ್ಸಿಗಳಿಗೆ ರೂಪರೇಖೆ ಬರೆದವನು

ಕಳೆದ ವರ್ಷ ಮಳೆಗಾಲದ ಒಂದು ದಿನ ವಿಜ್ಞಾನದ ಮಾಸ್ತರರು ರಜೆಯಲ್ಲಿದ್ದುದರಿಂದ ಒಂಬತ್ತನೆಯ ತರಗತಿಗೆ ನಾವು ಹೋಗಬೇಕಾಯಿತು. ಕನ್ನಡ ಪಂಡಿತರು ವಿಜ್ಞಾನದ ಪಿರಿಯಡಿಗೆ ಹೋದರೆ ಏನು ಮಾಡಿಯಾರು? ಕಥೆ ಹೇಳುತ್ತಾರೆ. ನಾವೂ ಎಡ್ವಿನ್ ಹಬಲ್ ಎಂಬ ಖಗೋಲ ವಿಜ್ಞಾನಿಯ ಕಥೆ ಹೇಳಿದೆವು. ಕರಿಹಲಗೆಯ ಮೇಲೆ ದುಂಡಗಿನ ಗೆಲಾಕ್ಸಿ, ಮೊಟ್ಟೆಯಾಕಾರದ ಗೆಲಾಕ್ಸಿ, ಸುರುಳಿ ಗೆಲಾಕ್ಸಿ ಎಂದು ಸಾಲಾಗಿ ಚಿತ್ರವನ್ನೂ ಬರೆದೆವು. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, ಎಲ್ಲವೂ ನಕ್ಷತ್ರಗಳಿಂದಲೇ ಆದವುಗಳಾದರೆ ಒಂದು ದುಂಡಗೆ ಇನ್ನೊಂದು ಚಪ್ಪಟೆ ಏಕೆ ಎಂದು ಕೇಳಿದಳು. ದುಂಡಗಿರುವುದು ವಯಸ್ಸಾದಂತೆ ಚಪ್ಪಟೆಯಾಗಿ ಕೊನೆಗೆ ಸುರುಳಿಯಾಗುತ್ತದೆ ಎಂದು ನಾವು ಧೈರ್ಯವಾಗಿ ಉತ್ತರ ಕೊಟ್ಟೆವು. ಹಬಲ್ ಮೊದಲು ವಕೀಲನಾಗಿದ್ದು, ಆ ವೃತ್ತಿಯನ್ನು ಬಿಟ್ಟು ಆಕಾಶದ ಕಡೆಗೆ ಬಂದವನೆಂದೂ ಹೇಳಿದೆವು.

ಆ ಬಳಿಕ ಕುಳಿತು ಓದಿ ನೋಡಿದಾಗ ಎರಡೂ ಮಾತು ತಪ್ಪೆಂದು ತಿಳಿಯಿತು. ಆ ತರಗತಿಯವರು ಈಗ ಹತ್ತನೆಯಲ್ಲಿದ್ದಾರೆ. ಅವರು ಶಾಲೆ ಬಿಟ್ಟು ಹೋಗುವುದರೊಳಗೆ ತಪ್ಪನ್ನು ತಿದ್ದಬೇಕೆಂದು ಈ ಜೀವನ ಚರಿತ್ರೆಯನ್ನು ಬರೆಯುತ್ತಿದ್ದೇವೆ.

ಎಡ್ವಿನ್ ಪವೆಲ್ ಹಬಲ್ ಹುಟ್ಟಿದುದು 1889ರ ನವೆಂಬರ್ 20ರಂದು, ಅಮೆರಿಕದ ಮಿಸ್ಸೂರಿ ಸಂಸ್ಥಾನದ ಮಾರ್ಷ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ. ತಂದೆ ಜಾನ್ ಹಬಲ್ ವಿಮಾ ಕಂಪನಿಯ ಕೆಲಸದಲ್ಲಿದ್ದವರು, ಕಟ್ಟುನಿಟ್ಟಿನ ಮನುಷ್ಯ. ಹುಡುಗ ಹತ್ತು ಹನ್ನೊಂದರ ಪ್ರಾಯದವನಾಗಿದ್ದಾಗ ಸಂಸಾರವು ಶಿಕಾಗೊ ನಗರದ ಬಳಿಯ ವೀಟನ್ ಎಂಬಲ್ಲಿಗೆ ಬಂದು ನೆಲೆಸಿತು. ಅಲ್ಲಿ ಎಡ್ವಿನ್ ಹೆಸರು ಮಾಡಿದುದು ಪಾಠದಲ್ಲಿ ಅಲ್ಲ, ಆಟದಲ್ಲಿ. ಆರಡಿಗೂ ಮಿಕ್ಕಿದ ಎತ್ತರ, ಗಟ್ಟಿ ಮೈ. 1906ರಲ್ಲಿ ನಡೆದ ಒಂದೇ ಕ್ರೀಡಾಕೂಟದಲ್ಲಿ ಏಳು ಪ್ರಥಮ ಸ್ಥಾನಗಳನ್ನು ಪಡೆದನು. ನಮ್ಮ ಶಾಲೆಯ ಓಟಗಾರರು ಇದನ್ನು ಗಮನಿಸಬಹುದು! ಪಾಠದಲ್ಲೂ ಅವನು ಹಿಂದೆ ಬಿದ್ದವನಲ್ಲ. ಹದಿನಾರು ವರ್ಷಕ್ಕೇ ಹೈಸ್ಕೂಲು ಮುಗಿಸಿ, ವಿದ್ಯಾರ್ಥಿವೇತನ ಪಡೆದು ಶಿಕಾಗೊ ವಿಶ್ವವಿದ್ಯಾಲಯಕ್ಕೆ ಸೇರಿದನು.

ಅಲ್ಲಿ ಗಣಿತ, ಖಗೋಲಶಾಸ್ತ್ರಗಳನ್ನು ಕಲಿತು 1910ರಲ್ಲಿ ಪದವಿ ಪಡೆದನು. ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆದ ರಾಬರ್ಟ್ ಮಿಲಿಕನ್‌ರ ಕೈಕೆಳಗೆ ಪ್ರಯೋಗಶಾಲೆಯ ಸಹಾಯಕನಾಗಿಯೂ ಕೆಲಸ ಮಾಡಿದನು. ಆಕಾಶವೇ ತನ್ನ ದಾರಿ ಎಂಬುದು ಅವನ ಮನಸ್ಸಿನಲ್ಲಿ ಆಗಲೇ ಇತ್ತು. ತಂದೆಗೆ ಅದು ಸರಿಕಾಣಲಿಲ್ಲ. ನಕ್ಷತ್ರ ಎಣಿಸುವುದರಿಂದ ಹೊಟ್ಟೆ ತುಂಬೀತೇ ಎಂಬ ಚಿಂತೆ ಎಲ್ಲ ದೇಶದ ತಂದೆತಾಯಿಗಳಿಗೂ ಒಂದೇ. ಮಗ ಕಾನೂನು ಓದಬೇಕೆಂದು ಅವರು ಹಟ ಹಿಡಿದರು. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ ಆಕ್ಸ್‌ಫರ್ಡಿನ ಕ್ವೀನ್ಸ್ ಕಾಲೇಜಿಗೆ ಹೋದ ಎಡ್ವಿನ್ ತಂದೆಯ ಮಾತಿನಂತೆ ಕಾನೂನನ್ನೇ ಓದಿದನು. ಬಳಿಕ ಸ್ಪಾನಿಷ್ ಭಾಷೆಯನ್ನೂ ಕಲಿತನು. ಅಲ್ಲಿಂದ ಅವನು ತಂದುದರಲ್ಲಿ ಕೊನೆಯವರೆಗೂ ಉಳಿದವು ಇಂಗ್ಲಿಷರ ಉಚ್ಚಾರ, ಬಾಯಲ್ಲೊಂದು ಪೈಪು ಮತ್ತು ಅಲ್ಲಿನ ದೊರೆಗಳಂಥ ಉಡುಗೆತೊಡುಗೆ. ಅಮೆರಿಕದ ಗೆಳೆಯರಿಗೆ ಇದು ನಗೆಯನ್ನೂ ತರಿಸಿತು, ಸಿಟ್ಟನ್ನೂ ತರಿಸಿತು.

1913ರ ಜನವರಿಯಲ್ಲಿ ತಂದೆ ತೀರಿಕೊಂಡರು. ಊರಿಗೆ ಮರಳಿದ ಎಡ್ವಿನ್ ತಾಯಿ ಮತ್ತು ಒಡಹುಟ್ಟಿದವರ ಜತೆಗೆ ಕೆಂಟಕಿಯ ಲೂಯಿವಿಲ್ ನಗರದಲ್ಲಿ ನಿಂತನು. ಇಲ್ಲಿಂದ ಮುಂದಿನ ಒಂದು ವರ್ಷ ಅವನು ವಕೀಲಿಕೆ ಮಾಡಿದನೆಂದು ಎಷ್ಟೋ ಪುಸ್ತಕಗಳು ಬರೆದಿವೆ. ನಾವು ತರಗತಿಯಲ್ಲಿ ಹೇಳಿದುದೂ ಅದನ್ನೇ. ಆದರೆ ಚರಿತ್ರಕಾರರು ಹುಡುಕಿ ನೋಡಿದಾಗ ಅವನು ಅಲ್ಲಿ ವಕೀಲನಾಗಿದ್ದುದಕ್ಕೆ ಪುರಾವೆ ಸಿಗಲಿಲ್ಲ. ನಿಜವಾಗಿ ಅವನು ಮಾಡಿದುದು, ಒಹಾಯೊ ನದಿಯ ಆಚೆ ದಡದ ನ್ಯೂ ಆಲ್ಬನಿ ಎಂಬ ಊರಿನ ಹೈಸ್ಕೂಲಿನಲ್ಲಿ ಮಾಸ್ತರಿಕೆ. ಸ್ಪಾನಿಷ್, ಭೌತಶಾಸ್ತ್ರ, ಗಣಿತ ಕಲಿಸುತ್ತಿದ್ದನು. ಬಾಸ್ಕೆಟ್‌ಬಾಲ್ ತಂಡವನ್ನು ತಯಾರು ಮಾಡುತ್ತಿದ್ದನು. ಮಕ್ಕಳಿಗೆ ಅವನೆಂದರೆ ಪ್ರಾಣ. 1914ರ ತಮ್ಮ ಶಾಲಾ ವಾರ್ಷಿಕ ಸಂಚಿಕೆಯನ್ನು ಅವರು ಈ ಮಾಸ್ತರನಿಗೇ ಅರ್ಪಿಸಿದರು. ನೀವು ಈಗ ಕೈಯಲ್ಲಿ ಹಿಡಿದಿರುವಂಥದೇ ಒಂದು ಸಂಚಿಕೆ ಅದು.

ಮುಂದೆ ಲೋಕಪ್ರಸಿದ್ಧನಾದ ಮೇಲೆ ಹಬಲ್ ಈ ಮಾಸ್ತರಿಕೆಯ ವಿಷಯ ಎತ್ತುತ್ತಿರಲಿಲ್ಲ. ವಕೀಲಿಕೆಯ ಕಥೆಯೇ ಹಬ್ಬಿತು. ಅವನು ಅದನ್ನು ತಿದ್ದಲೂ ಇಲ್ಲ. ದೊಡ್ಡ ಬುದ್ಧಿಯವನಿಗೆ ಇಂಥ ಸಣ್ಣ ಮುಚ್ಚುಮರೆ ಏಕೆ ಬೇಕಾಯಿತೋ! ಮಾಸ್ತರಿಕೆಯಲ್ಲೇ ಇಪ್ಪತ್ತು ವರ್ಷ ಕಳೆದ ನಮಗೆ ಇದನ್ನು ಓದಿದಾಗ ಸ್ವಲ್ಪ ಬೇಸರವಾಯಿತೆಂದು ಒಪ್ಪಿಕೊಳ್ಳುತ್ತೇವೆ.

ಒಂದು ವರ್ಷ ಕಳೆಯುವುದರೊಳಗೆ ಅವನಿಗೆ ತನ್ನ ಹಳೆಯ ಆಸೆಯನ್ನು ಅದುಮಿಡಲಾಗಲಿಲ್ಲ. ತಂದೆಯೂ ಈಗ ಇರಲಿಲ್ಲ. ತನ್ನ ಹಳೆಯ ಗುರುಗಳಿಗೆ ಕಾಗದ ಬರೆದು ಶಿಕಾಗೊ ವಿಶ್ವವಿದ್ಯಾಲಯದ ಯರ್ಕಿಸ್ ವೀಕ್ಷಣಾಲಯಕ್ಕೆ ಸಂಶೋಧನ ವಿದ್ಯಾರ್ಥಿಯಾಗಿ ಸೇರಿದನು. ಆರಿಸಿಕೊಂಡ ವಿಷಯ ಮಸುಕು ನೀಹಾರಿಕೆಗಳ ಛಾಯಾಚಿತ್ರಣ.

ನೀಹಾರಿಕೆ ಎಂದರೆ ಮಂಜಿನಂತೆ ಕಾಣುವುದು. ದೂರದರ್ಶಕದಲ್ಲಿ ನೋಡಿದಾಗ ಚುಕ್ಕೆಯಾಗಿ ಕಾಣದೆ ಬಿಳಿಯ ಮಬ್ಬಿನಂತೆ ತೋರುವ ಎಲ್ಲವನ್ನೂ ಆಗ ಈ ಒಂದೇ ಹೆಸರಿನಿಂದ ಕರೆಯುತ್ತಿದ್ದರು. 1845ರಲ್ಲಿ ಐರ್ಲೆಂಡಿನ ರಾಸ್ ಪ್ರಭು ಎಂಬಾತ ತಾನೇ ಕಟ್ಟಿಸಿದ ಭಾರಿ ದೂರದರ್ಶಕದಿಂದ ನೋಡಿ, ಅವುಗಳಲ್ಲಿ ಒಂದು ನೀರಿನ ಸುಳಿಯಂತೆ ಸುತ್ತಿಕೊಂಡಿರುವುದನ್ನು ಕಂಡು ಚಿತ್ರ ಬರೆದಿದ್ದನು. ಅಲ್ಲಿಂದ ಎಪ್ಪತ್ತು ವರ್ಷ ಕಳೆದರೂ ಈ ಸುಳಿಗಳು ಏನು, ಎಷ್ಟು ದೂರದಲ್ಲಿವೆ ಎಂಬುದನ್ನು ಸಾಧಿಸಿ ತೋರಿಸಲು ಯಾರಿಂದಲೂ ಆಗಿರಲಿಲ್ಲ. ದೂರ ತಿಳಿಯದೆ ಗಾತ್ರ ತಿಳಿಯದು. ಕಡಲ ಮೇಲೆ ರಾತ್ರಿ ಕಾಣುವ ಬೆಳಕು ಹತ್ತಿರದ ದೋಣಿಯ ಲಾಟೀನೋ, ದೂರದ ಹಡಗಿನ ದೊಡ್ಡ ದೀಪವೋ ಎಂದು ದಡದಲ್ಲಿ ನಿಂತವನು ಹೇಗೆ ಹೇಳಿಯಾನು?

1917ರಲ್ಲಿ ಹಬಲ್‌ನ ಪ್ರಬಂಧ ಮುಗಿಯುತ್ತಿರುವಾಗ ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ವೀಕ್ಷಣಾಲಯದ ನಿರ್ದೇಶಕ ಜಾರ್ಜ್ ಎಲರಿ ಹೇಲ್ ಅವನಿಗೆ ಕೆಲಸ ಕೊಡಲು ಮುಂದೆ ಬಂದನು. ಅದೇ ಏಪ್ರಿಲಿನಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಹಬಲ್ ಅವಸರದಿಂದ ಪ್ರಬಂಧ ಮುಗಿಸಿ, ಪರೀಕ್ಷೆಗೆ ಕುಳಿತು, ಕೆಲಸ ಕಾದಿರಿಸುವಂತೆ ಹೇಲ್‌ಗೆ ತಿಳಿಸಿ ಸೈನ್ಯಕ್ಕೆ ಸೇರಿಬಿಟ್ಟನು. ಮೇಜರ್ ಪದವಿಗೆ ಏರಿದನು. ಆದರೆ ರಣರಂಗಕ್ಕೆ ಇಳಿಯುವ ಮೊದಲೇ ಯುದ್ಧ ಮುಗಿಯಿತು. 1919ರಲ್ಲಿ ಅವನು ಮೌಂಟ್ ವಿಲ್ಸನ್ ಬೆಟ್ಟ ಹತ್ತಿದನು. ಅಲ್ಲಿ ನೂರು ಅಂಗುಲ, ಅಂದರೆ ಎರಡೂವರೆ ಮೀಟರ್ ಅಗಲದ ಕನ್ನಡಿಯುಳ್ಳ ಹೂಕರ್ ದೂರದರ್ಶಕ ಆಗಷ್ಟೇ ಸಿದ್ಧವಾಗಿತ್ತು. ಲೋಕದಲ್ಲಿ ಅದಕ್ಕಿಂತ ದೊಡ್ಡದು ಆಗ ಇನ್ನೊಂದಿರಲಿಲ್ಲ.

ಅದೇ ಬೆಟ್ಟದಲ್ಲಿ ಇನ್ನೊಬ್ಬನಿದ್ದನು. ಅವನ ಹೆಸರು ಮಿಲ್ಟನ್ ಹ್ಯೂಮಸನ್. ಹದಿನಾಲ್ಕನೆಯ ವರ್ಷಕ್ಕೆ ಶಾಲೆ ಬಿಟ್ಟವನು. ವೀಕ್ಷಣಾಲಯ ಕಟ್ಟುವಾಗ ಹೇಸರಗತ್ತೆಗಳ ಬೆನ್ನಿಗೆ ಸಾಮಾನು ಹೇರಿ ಬೆಟ್ಟಕ್ಕೆ ಹೊಡೆದುಕೊಂಡು ಹೋಗುತ್ತಿದ್ದವನು. ಬಳಿಕ ಅಲ್ಲೇ ಗುಡಿಸಿ ಒರೆಸುವ ಕೆಲಸಕ್ಕೆ ನಿಂತನು. ರಾತ್ರಿ ದೂರದರ್ಶಕದ ಬಳಿ ನಿಂತು ನೋಡಿ ನೋಡಿ ಅದನ್ನು ನಡೆಸುವುದನ್ನು ಕಲಿತನು. ಕೈ ಎಷ್ಟು ನಯವೆಂದರೆ, ಹೇಲ್ ಅವನನ್ನು ವಿಜ್ಞಾನಿಗಳ ಸಾಲಿಗೇ ಸೇರಿಸಿಕೊಂಡನು; ಪದವಿ ಇಲ್ಲದವನನ್ನು ಸೇರಿಸಿಕೊಳ್ಳುವುದಕ್ಕೆ ಆಕ್ಷೇಪವಿದ್ದರೂ ಅವನು ಕೇಳಲಿಲ್ಲ. ಈ ಹ್ಯೂಮಸನ್ ಮತ್ತು ಆ ಆಕ್ಸ್‌ಫರ್ಡ್ ದೊರೆ ಇಬ್ಬರೂ ಜತೆಗೂಡಿ ಮಾಡಿದ ಕೆಲಸವನ್ನು ಮುಂದೆ ಹೇಳುತ್ತೇವೆ.

ಆಗ ಖಗೋಲ ವಿಜ್ಞಾನಿಗಳಲ್ಲಿ ಎರಡು ಪಕ್ಷಗಳಿದ್ದವು. ನಮ್ಮ ಆಕಾಶಗಂಗೆಯೇ ಇಡೀ ವಿಶ್ವ, ಸುರುಳಿ ನೀಹಾರಿಕೆಗಳು ಅದರ ಅಂಚಿನ ಸಣ್ಣ ಮೋಡಗಳು ಎಂದು ಹ್ಯಾರ್ಲೊ ಶ್ಯಾಪ್ಲಿಯ ಪಕ್ಷ. ಅವು ಒಂದೊಂದೂ ಆಕಾಶಗಂಗೆಯಂಥದೇ ಬೇರೆ ಬೇರೆ ನಕ್ಷತ್ರ ದ್ವೀಪಗಳು ಎಂದು ಹೆಬರ್ ಕರ್ಟಿಸ್‌ನ ಪಕ್ಷ. 1920ರ ಏಪ್ರಿಲ್ 26ರಂದು ಇಬ್ಬರೂ ವಾಷಿಂಗ್ಟನ್ನಿನಲ್ಲಿ ಒಂದೇ ವೇದಿಕೆಯಲ್ಲಿ ವಾದಿಸಿದರು. ನಮ್ಮ ಕಡೆಯ ತಾಳಮದ್ದಳೆಯಲ್ಲಿ ಇಬ್ಬರು ಒಳ್ಳೆಯ ಅರ್ಥಧಾರಿಗಳು ಸೇರಿದಾಗ ಆಗುವಂತೆ, ಕೇಳಿದವರಿಗೆ ಇಬ್ಬರದೂ ಸರಿಯೆಂದು ತೋರಿತು. ಬೇಕಾಗಿದ್ದುದು ಅಳತೆ.

ಅಳತೆಗೋಲನ್ನು ಸಿದ್ಧಮಾಡಿ ಇಟ್ಟಿದ್ದವಳು ಹಾರ್ವರ್ಡ್ ವೀಕ್ಷಣಾಲಯದ ಹೆನ್ರಿಯೆಟ್ಟಾ ಲೆವಿಟ್ ಎಂಬ ಮಹಿಳೆ. ಆಕೆಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ದೂರದರ್ಶಕ ಮುಟ್ಟುವ ಅವಕಾಶವೂ ಇರಲಿಲ್ಲ. ಬೇರೆಯವರು ತೆಗೆದ ಗಾಜಿನ ಫಲಕಗಳನ್ನು ಭೂತಗನ್ನಡಿಯಲ್ಲಿ ನೋಡಿ ಲೆಕ್ಕ ಬರೆಯುವುದೇ ಕೆಲಸ. ಸೆಫೀಡ್ ಎಂಬ ಒಂದು ಜಾತಿಯ ನಕ್ಷತ್ರಗಳು ಕ್ರಮವಾಗಿ ಬೆಳಗುತ್ತ ಮಂಕಾಗುತ್ತ ಇರುತ್ತವೆ. ಬೆಳಗಿ ಮಂಕಾಗಿ ಮತ್ತೆ ಬೆಳಗಲು ಹಿಡಿಯುವ ದಿನಗಳು ಹೆಚ್ಚಾದಷ್ಟೂ ಆ ನಕ್ಷತ್ರದ ನಿಜವಾದ ಪ್ರಕಾಶವೂ ಹೆಚ್ಚು ಎಂಬುದನ್ನು ಆಕೆ 1912ರಲ್ಲಿ 25 ನಕ್ಷತ್ರಗಳ ಲೆಕ್ಕದಿಂದ ತೋರಿಸಿದಳು. ದಿನ ಎಣಿಸಿದರೆ ನಿಜವಾದ ಪ್ರಕಾಶ ತಿಳಿಯಿತು. ಕಣ್ಣಿಗೆ ಕಾಣುವ ಪ್ರಕಾಶದೊಡನೆ ಹೋಲಿಸಿದರೆ ದೂರ ತಿಳಿಯಿತು.

1923ರ ಅಕ್ಟೋಬರ್ ತಿಂಗಳ 5ರ ರಾತ್ರಿ ದಾಟಿ 6ರ ಬೆಳಗಾಗುವ ಮುನ್ನ ಹಬಲ್ ಆಂಡ್ರೊಮಿಡ ನೀಹಾರಿಕೆಯ ಒಂದು ಚಿತ್ರ ತೆಗೆದನು. ಇದು ಕನ್ನಡದ ನಕ್ಷತ್ರ ಪುಸ್ತಕಗಳಲ್ಲಿ ದ್ರೌಪದಿ ಎಂದು ಕರೆಯುವ ರಾಶಿಯಲ್ಲಿದೆ. ಚಿತ್ರದ ಫಲಕದಲ್ಲಿ ಮೂರು ಹೊಸ ಚುಕ್ಕೆಗಳಿದ್ದವು. ಹಠಾತ್ತನೆ ಹೊತ್ತಿಕೊಂಡ ನೋವಾ ನಕ್ಷತ್ರಗಳೆಂದು ತಿಳಿದು ಮೂರಕ್ಕೂ ಗುರುತು ಹಾಕಿದನು. ಹಳೆಯ ಫಲಕಗಳೊಡನೆ ಹೋಲಿಸಿ ನೋಡುವಾಗ ಒಂದು ಚುಕ್ಕೆ ಹಿಂದೆಯೂ ಇತ್ತು. ಒಮ್ಮೆ ಬೆಳಗಿದೆ, ಒಮ್ಮೆ ಮಂಕಾಗಿದೆ. ಹಬಲ್ ನೋವಾ ಎಂಬ ಗುರುತನ್ನು ಹೊಡೆದು ಹಾಕಿ ಚರನಕ್ಷತ್ರ ಎಂಬ ಗುರುತನ್ನು ಆಶ್ಚರ್ಯಚಿಹ್ನೆಯ ಸಹಿತ ಬರೆದನು. ಆ ಗಾಜಿನ ತುಂಡು ಇಂದಿಗೂ ಇದೆ. ಆ ನಕ್ಷತ್ರ 31 ದಿನಗಳಿಗೊಮ್ಮೆ ಬೆಳಗುವ ಸೆಫೀಡ್ ಎಂದು ಮುಂದಿನ ತಿಂಗಳುಗಳಲ್ಲಿ ತಿಳಿಯಿತು. ಲೆವಿಟ್ಟಳ ಗೋಲಿನಿಂದ ಅಳೆದಾಗ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ ಬಂತು. ಆಕಾಶಗಂಗೆಗೆ ಶ್ಯಾಪ್ಲಿ ಕೊಟ್ಟಿದ್ದ ಅಗಲವೇ 3 ಲಕ್ಷ. ಎಂದ ಮೇಲೆ ಆಂಡ್ರೊಮಿಡ ನಮ್ಮ ಆಕಾಶಗಂಗೆಯೊಳಗೆ ಇರುವಂತೆಯೇ ಇಲ್ಲ! ನಿಜವಾದ ದೂರ 25 ಲಕ್ಷ ಜ್ಯೋತಿರ್ವರ್ಷ ಎಂದು ಈಗ ತಿಳಿದಿದೆ. ಹಬಲ್‌ನ ಲೆಕ್ಕ ಕಡಿಮೆಯಾಯಿತು, ಆದರೆ ತೀರ್ಪು ಬದಲಾಗಲಿಲ್ಲ.

1924ರ ಫೆಬ್ರವರಿಯಲ್ಲಿ ಹಬಲ್ ಎದುರು ಪಕ್ಷದ ಶ್ಯಾಪ್ಲಿಗೇ ಕಾಗದ ಬರೆದು ಸಂಗತಿ ತಿಳಿಸಿದನು. ಅದೇ ತಿಂಗಳು ಗ್ರೇಸ್ ಬರ್ಕ್ ಎಂಬಾಕೆಯನ್ನು ಮದುವೆಯಾದನು. 1925ರ ಜನವರಿ 1ರಂದು ಅವನ ಲೇಖನವನ್ನು ವಾಷಿಂಗ್ಟನ್ನಿನ ಸಭೆಯಲ್ಲಿ ಬೇರೊಬ್ಬರು ಓದಿದರು. ಅವನು ಹೋಗಲೂ ಇಲ್ಲ. ಆ ವರ್ಷದ ಅತ್ಯುತ್ತಮ ಲೇಖನಕ್ಕೆಂದು ಇಟ್ಟಿದ್ದ ಸಾವಿರ ಡಾಲರ್ ಬಹುಮಾನದಲ್ಲಿ ಅರ್ಧ ಹಬಲ್‌ಗೆ ಬಂತು. ಉಳಿದರ್ಧ ಹೋದುದು ಗೆದ್ದಲ ಹುಳುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳನ್ನು ಕುರಿತು ಬರೆದವನಿಗೆ! ಹೆನ್ರಿಯೆಟ್ಟಾ ಲೆವಿಟ್ ಇದನ್ನೆಲ್ಲ ನೋಡಲಿಲ್ಲ. ಆಕೆ 1921ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದಳು.

ಹೊರಗೆ ಬೇರೆ ಬೇರೆ ಗೆಲಾಕ್ಸಿಗಳಿವೆ ಎಂದಾದ ಮೇಲೆ ಅವುಗಳನ್ನು ವಿಂಗಡಿಸುವ ಕೆಲಸ. 1926ರಲ್ಲಿ ಹಬಲ್ 400 ಗೆಲಾಕ್ಸಿಗಳ ಚಿತ್ರಗಳನ್ನು ಮುಂದಿಟ್ಟುಕೊಂಡು, ಸಸ್ಯಶಾಸ್ತ್ರದವರು ಎಲೆಗಳ ಆಕಾರ ನೋಡಿ ಗುಂಪು ಮಾಡುವಂತೆ, ಕಣ್ಣಿಗೆ ಕಂಡ ಆಕಾರದಿಂದಲೇ ಗುಂಪು ಮಾಡಿದನು. ತೋಳಿಲ್ಲದೆ ನಯವಾಗಿ ಕಾಣುವವು ದೀರ್ಘವೃತ್ತದ ಗೆಲಾಕ್ಸಿಗಳು. ಪೂರ್ತಿ ದುಂಡಗಿದ್ದರೆ ಸೊನ್ನೆ, ತೀರ ಚಪ್ಪಟೆಯಾಗಿದ್ದರೆ ಏಳು ಎಂದು ಅಂಕಿ. ತೋಳುಗಳುಳ್ಳವು ಸುರುಳಿ ಗೆಲಾಕ್ಸಿಗಳು. ತೋಳುಗಳು ಬಿಗಿಯಾಗಿ ಸುತ್ತಿಕೊಂಡು ನಡುಭಾಗ ದೊಡ್ಡದಾಗಿರುವುದರಿಂದ ಹಿಡಿದು, ತೋಳು ಸಡಿಲವಾಗಿ ನಡುಭಾಗ ಸಣ್ಣದಾಗಿರುವುದರವರೆಗೆ ಮೂರು ಮೆಟ್ಟಿಲು. ನಡುವಿನಲ್ಲಿ ಅಡ್ಡ ದಿಂಡಿನಂಥ ಪಟ್ಟಿ ಇರುವ ಸುರುಳಿಗಳದು ಬೇರೆ ಸಾಲು. ಯಾವ ಕಟ್ಟಿಗೂ ಸೇರದವು ಕೆಲವೇ ಉಳಿದವು. 1936ರ ತನ್ನ ಪುಸ್ತಕದಲ್ಲಿ ಇದನ್ನೆಲ್ಲ ಒಂದು ಕವಲು ಚಿತ್ರವಾಗಿ ಬರೆದನು. ನಿಮ್ಮ ಪ್ರಯೋಗಶಾಲೆಯಲ್ಲಿ ಧ್ವನಿಯ ಪಾಠಕ್ಕೆ ಬಳಸುವ ಶ್ರುತಿಕವೆಯನ್ನು ಅಡ್ಡ ಮಲಗಿಸಿದರೆ ಹೇಗೋ ಹಾಗೆ: ಹಿಡಿಯಲ್ಲಿ ದೀರ್ಘವೃತ್ತಗಳು, ಎರಡು ಕವಲುಗಳಲ್ಲಿ ಎರಡು ಬಗೆಯ ಸುರುಳಿಗಳು. ಇಂದಿಗೂ ಗೆಲಾಕ್ಸಿಗಳನ್ನು ಕಲಿಯುವವರು ಮೊದಲು ಕಲಿಯುವುದು ಇದನ್ನೇ.

ಇದೇ ವಿಷಯದಲ್ಲಿ ಸ್ವೀಡನ್ನಿನ ಲುಂಡ್‌ಮಾರ್ಕ್ ಎಂಬಾತ ಹೆಚ್ಚುಕಡಮೆ ಹೀಗೆಯೇ ಒಂದು ವಿಂಗಡಣೆಯನ್ನು ಪ್ರಕಟಿಸಿದಾಗ, ತನ್ನದನ್ನು ಕದ್ದನೆಂದು ಹಬಲ್ ಅಚ್ಚಿನಲ್ಲೇ ದೂರಿದನು. ಲುಂಡ್‌ಮಾರ್ಕ್ ಅದನ್ನು ಒಪ್ಪಲಿಲ್ಲ. ಹಬಲ್‌ನ ಸ್ವಭಾವದಲ್ಲಿ ಈ ಬಿರುಸು ಇತ್ತು.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಆಕಾರಕ್ಕೆ ಕಾರಣವೇನು? ಹಬಲ್‌ನ ಕಾಲದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೀನ್ಸ್ ಒಂದು ವಿವರಣೆ ಕೊಟ್ಟಿದ್ದನು. ತಿರುಗುತ್ತಿರುವ ಅನಿಲದ ಗೋಳ ಕುಗ್ಗುತ್ತ ಹೋದಂತೆ ವೇಗ ಹೆಚ್ಚಿ ಚಪ್ಪಟೆಯಾಗುತ್ತದೆ, ಕೊನೆಗೆ ಅಂಚಿನಿಂದ ದ್ರವ್ಯ ಚೆಲ್ಲಿ ತೋಳುಗಳಾಗುತ್ತವೆ ಎಂದು. ಹಬಲ್‌ನ ಸಾಲು ಇದಕ್ಕೆ ಸರಿಯಾಗಿ ಹೊಂದಿತು. ತನ್ನ ವಿಂಗಡಣೆಯು ಯಾವ ಸಿದ್ಧಾಂತಕ್ಕೂ ಕಟ್ಟುಬಿದ್ದುದಲ್ಲ ಎಂದು ಅವನು ಎಚ್ಚರಿಕೆ ಕೊಟ್ಟನು. ಆದರೂ ಸಾಲಿನ ಒಂದು ತುದಿಯವಕ್ಕೆ ಮೊದಲಿನವು, ಇನ್ನೊಂದು ತುದಿಯವಕ್ಕೆ ತಡವಾದವು ಎಂಬ ಅರ್ಥದ ಹೆಸರುಗಳನ್ನೇ ಇಟ್ಟನು. ಓದಿದವರು ಅದನ್ನು ವಯಸ್ಸೆಂದೇ ತಿಳಿದರು. ನಾವು ತರಗತಿಯಲ್ಲಿ ಎಡವಿದುದೂ ಇಲ್ಲೇ. ದೀರ್ಘವೃತ್ತದ ಗೆಲಾಕ್ಸಿಗಳಲ್ಲಿರುವುದು ಬಹುತೇಕ ಮುದಿ ನಕ್ಷತ್ರಗಳು. ಹೊಸ ನಕ್ಷತ್ರ ಹುಟ್ಟಲು ಬೇಕಾದ ತಣ್ಣನೆಯ ಅನಿಲ ಅಲ್ಲಿ ಬಲು ಕಡಿಮೆ. ಅಂಥದು ಮುಂದೆ ಎಳೆಯ ನೀಲಿ ನಕ್ಷತ್ರಗಳು ತುಂಬಿದ ಸುರುಳಿಯಾಗುವುದು ಹೇಗೆ? ಅಷ್ಟೇ ಅಲ್ಲ, ದೊಡ್ಡ ದೀರ್ಘವೃತ್ತ ಗೆಲಾಕ್ಸಿಗಳು ಬಹಳ ನಿಧಾನವಾಗಿ ತಿರುಗುತ್ತವೆ, ಅವುಗಳ ಚಪ್ಪಟೆತನಕ್ಕೆ ತಿರುಗುವಿಕೆ ಕಾರಣವಲ್ಲ ಎಂಬುದು 1970ರ ದಶಕದಲ್ಲಿ ಅಳತೆಯಿಂದ ಗೊತ್ತಾಯಿತು.

ಈಗ ತಿಳಿದಿರುವುದು ಹೀಗೆ. ಗೆಲಾಕ್ಸಿ ಕಟ್ಟುವುದು ಕಣ್ಣಿಗೆ ಕಾಣದ ದ್ರವ್ಯದ ಒಂದು ದೊಡ್ಡ ಗುಡ್ಡೆಯೊಳಗೆ. 1970ರಿಂದ ವೆರಾ ರೂಬಿನ್ ಎಂಬಾಕೆ ಆಂಡ್ರೊಮಿಡವೇ ಮೊದಲಾದ ಗೆಲಾಕ್ಸಿಗಳ ಹೊರ ಅಂಚಿನ ನಕ್ಷತ್ರ, ಅನಿಲಗಳೂ ವೇಗ ತಗ್ಗಿಸದೆ ಸುತ್ತುವುದನ್ನು ಅಳೆದು ತೋರಿಸಿದಳು. ಕಾಣುವ ದ್ರವ್ಯವೊಂದರ ಸೆಳೆತದಿಂದ ಅದು ಸಾಧ್ಯವಿಲ್ಲ. ಆ ಗುಡ್ಡೆಯ ಸೆಳೆತಕ್ಕೆ ಸಿಕ್ಕಿ ಅನಿಲ ಒಳಗೆ ಬೀಳುತ್ತದೆ. ಬೀಳುವಾಗ ಅನಿಲದ ಮೋಡಗಳು ಒಂದಕ್ಕೊಂದು ತಾಗಿ ಬಿಸಿಯಾಗಿ, ಆ ಬಿಸಿಯನ್ನು ಬೆಳಕಾಗಿ ಹೊರಗೆ ಕಳೆದುಕೊಂಡು ತಣ್ಣಗಾಗುತ್ತವೆ. ಮೇಲೆ ಕೆಳಗೆ ಓಡಾಡುವ ಚಲನೆಗಳು ಹೀಗೆ ತಾಗಾಟದಲ್ಲಿ ಕರಗಿಹೋಗುತ್ತವೆ. ಕರಗದೆ ಉಳಿಯುವುದು ಒಟ್ಟು ಮೋಡಕ್ಕಿದ್ದ ಸುತ್ತುವಿಕೆ. ಅದನ್ನು ಕಳೆದುಕೊಳ್ಳಲು ಸುಲಭದ ದಾರಿಯಿಲ್ಲ. ಆದ್ದರಿಂದ ಅನಿಲ ಒಂದು ತೆಳ್ಳನೆಯ ತಟ್ಟೆಯಾಗಿ ನಿಲ್ಲುತ್ತದೆ. ಅಲ್ಲಿ ಹುಟ್ಟುವ ನಕ್ಷತ್ರಗಳೂ ದೇವಸ್ಥಾನದ ಅಂಗಳದಲ್ಲಿ ಪ್ರದಕ್ಷಿಣೆ ಬರುವವರಂತೆ ಒಂದೇ ದಿಕ್ಕಿಗೆ ಸುತ್ತುತ್ತವೆ. ಇದೇ ಸುರುಳಿ ಗೆಲಾಕ್ಸಿ.

ತೋಳುಗಳೋ? ತೋಳು ಎಂದರೆ ಯಾವಾಗಲೂ ಅವೇ ನಕ್ಷತ್ರಗಳ ಗುಂಪೆಂದು ತಿಳಿಯಬಾರದು. ಹಾಗಿದ್ದರೆ ಒಳಗಿನವು ಬೇಗ ಸುತ್ತಿ, ಹೊರಗಿನವು ಹಿಂದುಳಿದು, ಕೆಲವೇ ಸುತ್ತುಗಳಲ್ಲಿ ತೋಳು ನೂಲಿನುಂಡೆಯಂತೆ ಸುತ್ತಿ ಅಳಿದುಹೋಗಬೇಕಿತ್ತು. ಹೆದ್ದಾರಿಯಲ್ಲಿ ರೋಡ್ ರೋಲರ್ ನಿಧಾನವಾಗಿ ಹೋಗುತ್ತಿದ್ದರೆ ಅದರ ಹಿಂದೆ ವಾಹನಗಳ ದಟ್ಟಣೆಯಾಗುತ್ತದೆ. ಒಂದು ಬಸ್ಸು ದಾಟಿ ಹೋಗುತ್ತದೆ, ಇನ್ನೊಂದು ಬಂದು ಸೇರುತ್ತದೆ. ದಟ್ಟಣೆ ಮಾತ್ರ ಹಾಗೆಯೇ ಇರುತ್ತದೆ. ತೋಳುಗಳೂ ಅಂಥ ದಟ್ಟಣೆಯ ಅಲೆ ಎಂದು 1964ರಲ್ಲಿ ಲಿನ್ ಮತ್ತು ಶು ಎಂಬ ಇಬ್ಬರು ಗಣಿತದಿಂದ ತೋರಿಸಿದರು. ಅನಿಲ ಅಲ್ಲಿ ಒತ್ತಿಕೊಂಡು ಹೊಸ ನಕ್ಷತ್ರಗಳು ಹುಟ್ಟುವುದರಿಂದ ತೋಳು ನೀಲಿಯಾಗಿ ಹೊಳೆಯುತ್ತದೆ. ಎಲ್ಲ ಗೆಲಾಕ್ಸಿಗಳ ತೋಳುಗಳೂ ಇದೇ ಬಗೆಯವಲ್ಲ. ಕೆಲವು ಹರಿದು ಹರಿದು ಮತ್ತೆ ಮತ್ತೆ ಹುಟ್ಟುವವು. ನಡುವಿನ ಪಟ್ಟಿ ಮೂಡುವುದು ತಟ್ಟೆಯಲ್ಲಿರುವ ನಕ್ಷತ್ರಗಳ ಪರಸ್ಪರ ಸೆಳೆತದಿಂದಲೇ. ನಮ್ಮ ಆಕಾಶಗಂಗೆಗೂ ಅಂಥ ಪಟ್ಟಿಯಿದೆ.

ಇನ್ನು ದೀರ್ಘವೃತ್ತದವು. ಕುಂಬಾರನ ಕೈಯಲ್ಲಿ ಹಸಿಮಣ್ಣು ಬೇಕಾದ ಆಕಾರಕ್ಕೆ ಬರುತ್ತದೆ, ಸುಟ್ಟ ಮೇಲೆ ಬರುವುದಿಲ್ಲ. ಗೆಲಾಕ್ಸಿಯಲ್ಲಿ ಅನಿಲವೇ ಹಸಿಮಣ್ಣು, ನಕ್ಷತ್ರವೇ ಸುಟ್ಟ ಮಣ್ಣು. ನಕ್ಷತ್ರಗಳ ನಡುವಿನ ಅಂತರ ಎಷ್ಟೆಂದರೆ ಅವು ಒಂದಕ್ಕೊಂದು ತಾಗುವುದೇ ಇಲ್ಲವೆನ್ನಬಹುದು. ಬಿಸಿ ಕಳೆದು ತಟ್ಟೆಗೆ ಇಳಿಯಲಾರವು. ಸರಿಸುಮಾರು ಸಮ ತೂಕದ ಎರಡು ಗೆಲಾಕ್ಸಿಗಳು ಬಂದು ಒಂದರೊಳಗೊಂದು ನುಗ್ಗಿದರೆ ತಟ್ಟೆಗಳು ಕದಡಿಹೋಗುತ್ತವೆ. ಪ್ರದಕ್ಷಿಣೆಯ ಸಾಲು ಮುರಿದು, ಜೇನುಗೂಡಿನ ಸುತ್ತ ಹುಳುಗಳು ಹಾರಿದಂತೆ ನಕ್ಷತ್ರಗಳು ಕಂಡ ಕಂಡ ದಿಕ್ಕಿಗೆ ಸುತ್ತತೊಡಗುತ್ತವೆ. ಅನಿಲ ಒಮ್ಮೆಲೇ ನಕ್ಷತ್ರಗಳಾಗಿ ಸುಟ್ಟುಹೋಗುತ್ತದೆ, ಇಲ್ಲವೇ ಹೊರಗೆ ಚದರುತ್ತದೆ. ಉಳಿಯುವುದು ದುಂಡನೆಯ ನಯವಾದ ಗುಡ್ಡೆ. ಆಲಾರ್ ಟೂಮ್ರೆ ಮತ್ತು ಯೂರಿ ಟೂಮ್ರೆ ಎಂಬ ಅಣ್ಣತಮ್ಮಂದಿರು 1972ರಲ್ಲಿ ಗಣಕಯಂತ್ರದಲ್ಲಿ ಇಂಥ ಡಿಕ್ಕಿಗಳ ಲೆಕ್ಕ ಮಾಡಿ, ಆಕಾಶದಲ್ಲಿ ಕಾಣುವ ವಿಚಿತ್ರ ಬಾಲಗಳ ಗೆಲಾಕ್ಸಿಗಳನ್ನು ಹಾಗೆಯೇ ಬಿಡಿಸಿ ತೋರಿಸಿದರು. ಅಂದರೆ ಸುರುಳಿಗಳಿಂದ ದೀರ್ಘವೃತ್ತ ಆಗಬಹುದು. ನಾವು ಕರಿಹಲಗೆಯಲ್ಲಿ ಬಾಣದ ಗುರುತನ್ನು ಹಾಕಿದುದು ತಲೆಕೆಳಗು! ಆದರೆ ಬಾಣವನ್ನು ತಿರುಗಿಸಿಬಿಟ್ಟರೆ ಎಲ್ಲ ಸರಿಯಾಯಿತೆಂದೂ ಅಲ್ಲ. ಹೊರಗಿನಿಂದ ಹೊಸ ಅನಿಲ ಬಂದು ಬಿದ್ದರೆ ಕದಡಿದಲ್ಲಿ ಮತ್ತೆ ತಟ್ಟೆ ಕಟ್ಟುವುದೂ ಉಂಟು.

ನೆರೆಕರೆಯೂ ಮುಖ್ಯ. ಒತ್ತಾಗಿ ನೂರಾರು ಗೆಲಾಕ್ಸಿಗಳಿರುವ ಕೂಟಗಳ ನಡುವಿನಲ್ಲಿ ದೀರ್ಘವೃತ್ತದವು ಮತ್ತು ತೋಳಿಲ್ಲದ ತಟ್ಟೆಗಳೇ ಹೆಚ್ಚು, ಬಿಡುವಾಗಿರುವ ಕಡೆಗಳಲ್ಲಿ ಸುರುಳಿಗಳು ಹೆಚ್ಚು ಎಂಬುದನ್ನು 1980ರಲ್ಲಿ ಆಲನ್ ಡ್ರೆಸ್ಲರ್ ಎಣಿಸಿ ತೋರಿಸಿದನು. ಕೂಟದ ನಡುವಿನ ಬಿಸಿ ಅನಿಲದೊಳಗೆ ನುಗ್ಗುವ ಸುರುಳಿಯು ತನ್ನ ಅನಿಲವನ್ನೆಲ್ಲ ಕಳೆದುಕೊಂಡು ಬರಡಾಗುತ್ತದೆ. ಹುಟ್ಟಿನಲ್ಲಿ ಬಂದ ಸುತ್ತುವಿಕೆ, ಅನಿಲದ ಉಳಿತಾಯ, ಯಾರು ಯಾರು ಬಂದು ತಾಗಿದರು ಎಂಬುದು, ನೆರೆಕರೆ, ಇವೆಲ್ಲ ಸೇರಿ ಆಕಾರವಾಗುತ್ತದೆ. ಹಿಂದಿನ ಬೆಂಚಿನ ಹುಡುಗಿಗೆ ನಮ್ಮ ಉತ್ತರ ಇದು. ಒಂದು ವರ್ಷ ತಡವಾಯಿತು.

ಹಬಲ್‌ನ ಕಥೆ ಇನ್ನೂ ಉಳಿದಿದೆ. ಗೆಲಾಕ್ಸಿಗಳ ಬೆಳಕನ್ನು ರೋಹಿತವಾಗಿ ಬಿಡಿಸಿ ನೋಡಿದಾಗ ಹೆಚ್ಚಿನವು ನಮ್ಮಿಂದ ದೂರ ಓಡುತ್ತಿರುವುದನ್ನು ವೆಸ್ಟೊ ಸ್ಲೈಫರ್ ಮೊದಲೇ ಕಂಡಿದ್ದನು. 1929ರಲ್ಲಿ ಹಬಲ್ 24 ಗೆಲಾಕ್ಸಿಗಳ ದೂರವನ್ನೂ ವೇಗವನ್ನೂ ಹೋಲಿಸಿ, ದೂರ ಹೆಚ್ಚಿದಷ್ಟೂ ವೇಗ ಹೆಚ್ಚು ಎಂದು ತೋರಿಸಿದನು. ಆಮೇಲೆ ತೀರ ಮಸುಕು ಗೆಲಾಕ್ಸಿಗಳ ಸರದಿ. ದೂರ ಅಳೆಯುವುದು ಹಬಲ್, ವೇಗ ಅಳೆಯುವುದು ಹ್ಯೂಮಸನ್. ಒಂದೇ ಗೆಲಾಕ್ಸಿಯ ರೋಹಿತ ಪಡೆಯಲು ಹ್ಯೂಮಸನ್ ಚಳಿಯಲ್ಲಿ ರಾತ್ರಿಯ ಮೇಲೆ ರಾತ್ರಿ ದೂರದರ್ಶಕದ ಗುರಿ ತಪ್ಪದಂತೆ ಕಣ್ಣಿಟ್ಟು ಕೂರುತ್ತಿದ್ದನು. 1931ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಲೇಖನದಲ್ಲಿ ಸೆಕೆಂಡಿಗೆ ಸುಮಾರು 20,000 ಕಿಲೊಮೀಟರ್ ವೇಗದವೂ ಇದ್ದವು. ಶಾಲೆ ಬಿಟ್ಟ ಆ ಹೇಸರಗತ್ತೆಯ ಸವಾರನಿಗೆ 1950ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

ವಿಶ್ವ ಹಿಗ್ಗುತ್ತಿದೆ ಎಂಬ ವಿವರಣೆಯನ್ನು ಬೆಲ್ಜಿಯಮಿನ ಪಾದ್ರಿ ಲೆಮೇಟ್ರ್ 1927ರಲ್ಲೇ ಕೊಟ್ಟಿದ್ದನು. ಆದುದರಿಂದ 2018ರಲ್ಲಿ ಖಗೋಲ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘವು ಈ ನಿಯಮವನ್ನು ಹಬಲ್-ಲೆಮೇಟ್ರ್ ನಿಯಮ ಎಂದು ಕರೆಯಬೇಕೆಂದು ನಿರ್ಣಯಿಸಿತು. ಹಬಲ್ ಮಾತ್ರ, ತಾನು ಅಳೆದವನು, ವಿವರಣೆ ಬೇರೆಯವರದು ಎಂಬಂತೆ ಕೊನೆಯವರೆಗೂ ಹಿಗ್ಗುವ ಮಾತಿಗೆ ಪೂರ್ತಿ ಒಪ್ಪಿಗೆ ಕೊಡಲಿಲ್ಲ. ಅವನ ಅಳತೆಯಲ್ಲಿ ಒಂದು ದೊಡ್ಡ ತಪ್ಪೂ ಇತ್ತು. ಅದರ ಪ್ರಕಾರ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷ ಮಾತ್ರ. ಭೂಮಿಯ ವಯಸ್ಸೇ ಸುಮಾರು 450 ಕೋಟಿ! ಸೆಫೀಡ್‌ಗಳಲ್ಲಿ ಎರಡು ಜಾತಿಯಿವೆ, ಅಳತೆಗೋಲೇ ಗಿಡ್ಡವಾಗಿತ್ತು ಎಂದು 1952ರಲ್ಲಿ ವಾಲ್ಟರ್ ಬಾಡೆ ತೋರಿಸಿದ ಮೇಲೆ ತಿದ್ದುಪಡಿ ಶುರುವಾಯಿತು. ಈಗಿನ ಲೆಕ್ಕದಲ್ಲಿ ವಿಶ್ವಕ್ಕೆ ಸುಮಾರು 1,380 ಕೋಟಿ ವರ್ಷ.

ಎರಡನೆಯ ಮಹಾಯುದ್ಧದಲ್ಲಿ ಹಬಲ್ ಸೈನ್ಯಕ್ಕಾಗಿ ಗುಂಡುಗಳ ಹಾರಾಟದ ಲೆಕ್ಕಾಚಾರ ನಡೆಸಿದನು. 1949ರ ಜನವರಿಯಲ್ಲಿ ಪಾಲೊಮಾರ್ ಬೆಟ್ಟದ ಇನ್ನೂರು ಅಂಗುಲದ ಹೊಸ ದೂರದರ್ಶಕದಿಂದ ಮೊದಲ ಚಿತ್ರ ತೆಗೆಯುವ ಗೌರವ ಅವನದಾಯಿತು. ಆದರೆ ಅದೇ ವರ್ಷ ಹೃದಯಾಘಾತವಾಗಿ, ದೂರದರ್ಶಕದ ಬಳಿ ರಾತ್ರಿ ಕಳೆಯುವುದು ಕಡಿಮೆಯಾಯಿತು. ಖಗೋಲಶಾಸ್ತ್ರಕ್ಕೆ ನೊಬೆಲ್ ಬಹುಮಾನ ಕೊಡುವ ರೂಢಿ ಆಗ ಇರಲಿಲ್ಲವಾದುದರಿಂದ ಅದೂ ಅವನಿಗೆ ಸಿಗಲಿಲ್ಲ. 1953ರ ಸೆಪ್ಟೆಂಬರ್ 28ರಂದು ಕ್ಯಾಲಿಫೋರ್ನಿಯದ ಸಾನ್ ಮರೀನೊದಲ್ಲಿ, ಮೆದುಳಿನ ರಕ್ತನಾಳ ಕಟ್ಟಿ ತೀರಿಕೊಂಡನು. ಆಗ 63 ವರ್ಷ. ಶವಸಂಸ್ಕಾರದ ಸಭೆ ನಡೆಯಲಿಲ್ಲ. ಅವನನ್ನು ಎಲ್ಲಿ ಮಣ್ಣು ಮಾಡಿದರೆಂಬುದನ್ನು ಹೆಂಡತಿ ಯಾರಿಗೂ ಹೇಳಲಿಲ್ಲ. 1990ರ ಏಪ್ರಿಲ್ 24ರಂದು ಹಾರಿಸಿದ ಬಾಹ್ಯಾಕಾಶ ದೂರದರ್ಶಕಕ್ಕೆ ಅವನ ಹೆಸರಿಟ್ಟಿದ್ದಾರೆ.

ಆಂಡ್ರೊಮಿಡವನ್ನು ನೋಡಲು ಇಷ್ಟು ದೊಡ್ಡ ಯಂತ್ರ ಬೇಕಾಗಿಲ್ಲ. ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಮೋಡವಿಲ್ಲದ, ತಿಂಗಳ ಬೆಳಕಿಲ್ಲದ ರಾತ್ರಿ ಎಂಟು ಗಂಟೆಯ ಹೊತ್ತಿಗೆ ಉತ್ತರಕ್ಕೆ ಮುಖಮಾಡಿ ತಲೆ ಚೆನ್ನಾಗಿ ಮೇಲೆತ್ತಿದರೆ ಬರಿಗಣ್ಣಿಗೆ ಒಂದು ಸಣ್ಣ ಮಬ್ಬಿನ ಮಚ್ಚೆಯಾಗಿ ಕಾಣುತ್ತದೆ. ಸುರುಳಿಯ ತೋಳು ಕಾಣದು. ನಾವು ಕನ್ನಡದಲ್ಲಿ ಆಕಾಶಗಂಗೆ ಎಂದೂ ಮಲೆಯಾಳದಲ್ಲಿ ಕ್ಷೀರಪಥ ಎಂದೂ ಓದುವ ನಮ್ಮ ಗೆಲಾಕ್ಸಿಯ ಪಟ್ಟಿಯೂ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಈ ಸಲದ ವಾರ್ಷಿಕೋತ್ಸವದ ರಾತ್ರಿ ನಾಟಕ ಮುಗಿದು ದೀಪಗಳನ್ನು ಆರಿಸಿದ ಮೇಲೆ ಆಟದ ಬಯಲಿನಲ್ಲಿ ಅದನ್ನು ತೋರಿಸುತ್ತೇವೆ. ಗಲ್ಫಿನಿಂದ ಬಂದವರ ಮನೆಗಳಲ್ಲಿ ಬೈನಾಕ್ಯುಲರ್ ಇದ್ದರೆ ಪೋಷಕರು ದಯವಿಟ್ಟು ತರಬೇಕು.